ಮಲ್ಲಿಕಾಮಾಲೆಯ ಮೊದಲ ಸಾಲು

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಶ್ರದ್ಧಾಂಜಲಿ ಸಭೆಗೆ ಒಂದು ಕ್ರಮ ಇದೆ. ಫೋಟೋಗೆ ಹಾರ, ಊದುಬತ್ತಿ, ಅಧ್ಯಕ್ಷರ ಮಾತು, ಹತ್ತಿರದವರ ಮಾತು, ಆಮೇಲೆ ತೀರಿಕೊಂಡವರ ಮೇಲೆ ಒಂದು ಪದ್ಯ, ಕೊನೆಗೆ ಮೌನ. ಪದ್ಯ ಚೆನ್ನಾಗಿರಲಿ ಬಿಡಲಿ, ಇರಲೇಬೇಕು. ಈಚೆಗೆ ನಡೆದ ಒಂದು ಸಭೆಯಲ್ಲಿ ಮಾತ್ರ ಅದು ಇರಲಿಲ್ಲ. "ಸಮಯದ ಅಭಾವದಿಂದ" ಎಂದು ಅಧ್ಯಕ್ಷರು ಹೇಳಿದರು. ಸಮಯ ಇತ್ತು. ಮೌನ ಮುಗಿದ ಮೇಲೂ ಜನ ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು, ಚಹಾ ಕುಡಿಯುತ್ತ ಬಹಳ ಹೊತ್ತು ಕೂತಿದ್ದರು.

ಹಾರ ಹಾಕಿದ ಫೋಟೋ ಒಬ್ಬ ಹೆಂಗಸಿನದು. ಒಂದು ಕಾಲದಲ್ಲಿ ಸಂಘದ ಹಾಲ್‌ನಲ್ಲಿ ಓದುತ್ತಿದ್ದ ಪದ್ಯಗಳನ್ನೆಲ್ಲ ಬರೆಯುತ್ತಿದ್ದವರು ಅವರೇ. ಅವರ ಮೇಲೆ ಒಂದು ಸಾಲು ಬರೆಯಲು ಯಾರಿಗೂ ಧೈರ್ಯ ಬರಲಿಲ್ಲ. ಅದು ಯಾಕೆ ಎಂಬುದನ್ನು, ನಾನು ಕಂಡಷ್ಟು ಮತ್ತು ಕೇಳಿದಷ್ಟು, ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ; ನಾವೆಲ್ಲ ಅಕ್ಕ ಎನ್ನುತ್ತಿದ್ದೆವು.

ನಾವಿಬ್ಬರೂ ಠಾಣೆಯ ನೌಪಾಡಾದಲ್ಲಿ ಒಂದೇ ಕಚೇರಿಯಲ್ಲಿದ್ದೆವು. ಅವರು ನನಗಿಂತ ಬಹಳ ಹಿರಿಯರು. ಇಬ್ಬರ ಮನೆಯೂ ಡೊಂಬಿವಲಿ ಪೂರ್ವದಲ್ಲಿದ್ದುದರಿಂದ ಲೋಕಲ್ ಗಾಡಿಯ ಲೇಡೀಸ್ ಡಬ್ಬಾದಲ್ಲಿ ಒಟ್ಟಿಗೆ ಹೋಗಿಬರುತ್ತಿದ್ದೆವು. ಮೊದಲ ಸಲ ಮಾತಾಡಿಸಿದಾಗ ನಾನು ಅವರಿಗೆ ಒತ್ತಿಕೊಂಡು ನಿಂತಿದ್ದೆ; ಅವರು ಮಡಿಲಲ್ಲಿ ಸ್ಟೀಲಿನ ಡಬ್ಬಿ ಇಟ್ಟುಕೊಂಡು ಕೂತಿದ್ದರು.

"ಯಾವ ಊರು ಮಾರಾಯ್ತಿ ನಿಂದು?"

"ಬಿಜಾಪುರದ ಕಡೆರೀ ಅಕ್ಕಾ. ಒಳಗ, ಹಳ್ಳಿ."

"ಹಾಗಾದ್ರೆ ತ್ರಿಪದಿ ಕಡೆಯವಳು ನೀನು. ಅಜ್ಜಿ ಬೀಸುವಾಗ ಹಾಡ್ತಿದ್ರಾ?"

"ಹಾಡ್ತಿದ್ಳು. ನನಗೇನು ನೆನಪಿಲ್ರೀ."

"ಇರ್ತದೆ. ಮೂರನೇ ಸಾಲು ಒಮ್ಮೆಲೇ ನಿಲ್ತದೆ ನೋಡು, ಕೈ ದಣಿದು ಕಲ್ಲು ನಿಂತ ಹಾಗೆ. ಅಲ್ಲಿಂದ ಹಿಂದೆ ಹುಡುಕು, ಸಿಗ್ತದೆ."

ಮನೆಗೆ ಹೋಗಿ ಅಕ್ಕಿ ತೊಳೆಯುವಾಗ ಅಜ್ಜಿಯ ಒಂದು ಪದ ಪೂರ್ತಿಯಾಗಿ ನೆನಪಾಯಿತು. ಮರುದಿನ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

ಅವರ ತಂದೆ ಉಡುಪಿಯ ಕಡೆ ತಾಳಮದ್ದಳೆಯಲ್ಲಿ ಭಾಗವತಿಕೆ ಮಾಡುತ್ತಿದ್ದವರು. ಛಂದಸ್ಸು ಅವರಿಗೆ ಪುಸ್ತಕದಿಂದ ಬಂದದ್ದಲ್ಲ, ಹಾಗೆಂದು ಪುಸ್ತಕ ಓದದವರೂ ಅಲ್ಲ. "ಅಪ್ಪ ಹೇಳ್ತಿದ್ರು, ಅಳುವುದಾದ್ರೆ ಭಾಮಿನಿ, ಜಗಳಕ್ಕೆ ವಾರ್ಧಕ, ತೀರ್ಪು ಕೊಡುವುದಾದ್ರೆ ಕಂದ" ಎಂದು ಆಗಾಗ ಹೇಳುತ್ತಿದ್ದರು. ಮಾತಿನ ನಡುವೆ ಅವರ ಬಲಗೈ ಡಬ್ಬಿಯ ಮುಚ್ಚಳದ ಮೇಲೆ ಆಡುತ್ತಿತ್ತು. ಗುರುವಿಗೆ ಅಂಗೈ, ಲಘುವಿಗೆ ಬೆರಳ ತುದಿ. ಡಬ್ಬಾದಲ್ಲಿ ಯಾರಾದರೂ ಸೀಟಿಗೆ ಜಗಳ ತೆಗೆದರೆ ನನ್ನ ಕಡೆ ಬಗ್ಗಿ, "ಇದು ರಗಳೆ. ಇಷ್ಟೇ ಸಾಲು ಅಂತ ನಿಯಮ ಇಲ್ಲ. ದಿವಾ ಬರುವವರೆಗೆ ಹೋಗ್ತದೆ" ಎನ್ನುತ್ತಿದ್ದರು. ದಿವಾ ಸ್ಟೇಷನ್ ಬಂದರೆ ಹೊಸ ಜನ ನುಗ್ಗಿ ಹಳೆಯ ಜಗಳ ತಾನಾಗಿ ನಿಲ್ಲುತ್ತಿತ್ತು.

ಕಟ್ಟುನಿಟ್ಟಿನ ಪದ್ಯ ಬರೆಯುವವರು ಮುಕ್ತಛಂದವನ್ನು ಹಗುರಾಗಿ ಕಾಣುತ್ತಾರೆ ಎಂದು ನನ್ನ ಅಂದಾಜಿತ್ತು. ಸಂಘದಲ್ಲಿ ಒಬ್ಬ ಹುಡುಗ ಅಂಥ ಒಂದು ಕವಿತೆ ಓದಿದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇವರು ತಿರುಗಿ, "ನಗಬೇಡಿ. ಕೈ ಹಿಡಿಯದೆ ನಡೆಯುವುದು ಅದು. ನನಗೆ ಆ ಧೈರ್ಯ ಇಲ್ಲ" ಎಂದರು. ಅದು ವಿನಯದ ಮಾತಾಗಿರಲಿಲ್ಲ. ನಿಜವಾಗಿಯೂ ಅವರಿಗೆ ಆ ಧೈರ್ಯ ಇರಲಿಲ್ಲ ಎಂದು ಈಗ ಅನಿಸುತ್ತದೆ.

ಚರಮಗೀತೆ ಬರೆಯಿರಿ ಎಂದು ಬಂದವರಿಗೆ ಅವರು ಕೆಲವು ವಿಚಿತ್ರ ಪ್ರಶ್ನೆ ಕೇಳುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೆ ಏನು ಹೇಳುತ್ತಿದ್ದರು? ಯಾರಿಗೆ ಹೆದರುತ್ತಿದ್ದರು? ಯಾವ ಪಲ್ಯ ತಿನ್ನುತ್ತಿರಲಿಲ್ಲ? ಕಲ್ಯಾಣದಲ್ಲಿ ಹೋಟೆಲು ನಡೆಸುತ್ತಿದ್ದ ಒಬ್ಬರು ತೀರಿಕೊಂಡಾಗ ಅವರ ಮಗ ಈ ಪ್ರಶ್ನೆಗಳಿಗೆ ಸಿಟ್ಟಾಗಿದ್ದ. "ಅಮರ, ದಾನಿ, ಧೀಮಂತ, ಎಂತಾದ್ರೂ ಹಾಕಿ ಅಕ್ಕ" ಎಂದ. ಇವರು ಆ ಪದಗಳಲ್ಲಿ ಒಂದನ್ನೂ ಹಾಕಲಿಲ್ಲ. ದಿನಾ ಬೆಳಿಗ್ಗೆ ಮೊದಲ ಇಡ್ಲಿಯನ್ನು ತಾನೇ ಮುರಿದು ನೋಡಿ, ಬೆಂದಿಲ್ಲ ಎಂದು ಸುಳ್ಳೇ ಬೈದು, ಆಮೇಲೆ ಅದನ್ನೇ ತಿನ್ನುತ್ತಿದ್ದ ಮನುಷ್ಯನ ಮೇಲೆ ಒಂದು ಭಾಮಿನಿ ಬರೆದರು. ಓದುವಾಗ ಅದೇ ಮಗ ಎದ್ದು ಹೊರಗೆ ಹೋದ. ಆಮೇಲೆ ಅವನೇ ಅದಕ್ಕೆ ಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದ. ಗಿರಾಕಿಗಳು ಚಿಲ್ಲರೆ ಎಣಿಸಿಕೊಳ್ಳುತ್ತ ಅದನ್ನು ಓದುತ್ತಿದ್ದರು.

ಮದುವೆಯ ಪದ್ಯ ಶುರುವಾದದ್ದು ಇಲ್ಲಿಯ ರೂಢಿಯಿಂದ. ಊರಿನಲ್ಲಿ ನಮ್ಮ ಹೆಂಗಸರು ಶೋಭಾನೆ ಹಾಡುತ್ತಾರೆ. ಇಲ್ಲಿ ಮರಾಠಿಯವರು ಅಂತರಪಟ ಹಿಡಿದಾಗ ಗಂಡುಹೆಣ್ಣಿನ ಹೆಸರು ಹಾಕಿ ಕಟ್ಟಿಸಿದ ಮಂಗಳಾಷ್ಟಕ ಹಾಡುತ್ತಾರೆ. ಇಲ್ಲೇ ನೆಲೆ ನಿಂತ ನಮ್ಮ ಜನಕ್ಕೂ ಅದರ ಆಸೆ ಹತ್ತಿತು. "ಕನ್ನಡದಲ್ಲಿ ಒಂದು ಮಾಡಿ ಕೊಡಿ ಅಕ್ಕ" ಎಂದು ಬರತೊಡಗಿದರು. ಹಾಡುವ ಮಕ್ಕಳಿಗೆ ಕನ್ನಡ ಓದಲು ಬಾರದು. ಆದ್ದರಿಂದ ಅವರು ಪದ್ಯವನ್ನು ಕನ್ನಡದಲ್ಲಿ ಒಮ್ಮೆ, ದೇವನಾಗರಿಯಲ್ಲಿ ಒಮ್ಮೆ ಬರೆದು ಕೊಡುತ್ತಿದ್ದರು.

ಒಂದು ವರ್ಷ ಸಂಘದಲ್ಲಿ ಒಬ್ಬ ನಿವೃತ್ತ ಉಪನ್ಯಾಸಕರು ಛಂದಸ್ಸಿನ ಮೇಲೆ ಮಾತಾಡಿದರು. ಮೂರು ಅಕ್ಷರಕ್ಕೆ ಒಂದು ಗಣ ಎಂಬುದನ್ನು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಅವರು ಅದರ ಮುಂದಿನದನ್ನು ಹೇಳಿದರು. ಪ್ರತಿ ಗಣಕ್ಕೂ ಒಬ್ಬ ದೇವತೆ, ಒಂದು ಫಲ. ಪದ್ಯ ಯಾವ ಗಣದಿಂದ ಎತ್ತುತ್ತದೋ ಆ ಫಲ ಪದ್ಯ ಪಡೆದವನಿಗೆ. ಮಗಣಕ್ಕೆ ಸಂಪತ್ತು, ನಗಣಕ್ಕೆ ಆಯುಷ್ಯ, ತಗಣಕ್ಕೆ ಶೂನ್ಯ, ರಗಣಕ್ಕೆ ಮರಣ. ಮಂಗಳಾಷ್ಟಕವನ್ನು ಮಗಣದಿಂದ ಎತ್ತುವ ಶಾರ್ದೂಲವಿಕ್ರೀಡಿತದಲ್ಲೇ ಹಾಡುವುದು ಸುಮ್ಮನೆ ಅಲ್ಲ ಎಂದರು. ಜನ ಗಂಭೀರವಾಗಿ ಕೇಳಿದರು. ಇವರು ಕೈ ಎತ್ತಿದರು.

"ಸರ್, ಕಲ್ಯಾಣ ಅನ್ನುವ ಶಬ್ದ ಯಾವ ಗಣ?"

ಉಪನ್ಯಾಸಕರು ಗಾಳಿಯಲ್ಲಿ ಬೆರಳು ಮಡಚಿದರು. "ಗುರು, ಗುರು, ಲಘು. ತಗಣ."

"ಫಲ ಶೂನ್ಯ. ಹಾಗಾದ್ರೆ ಕಲ್ಯಾಣದಲ್ಲಿ ಫ್ಲಾಟ್ ತಗೊಂಡವರೆಲ್ಲ ಹಾಳಾಗಿ ಹೋಗಿದ್ದಾರಾ? ಲಗ್ನಪತ್ರಿಕೆಯಲ್ಲಿ ಕಲ್ಯಾಣ ಅಂತ ಅಚ್ಚು ಹಾಕಿಸುವವರ ಗತಿ ಎಂತ?"

ಸಭೆ ನಕ್ಕಿತು. ಉಪನ್ಯಾಸಕರೂ ನಕ್ಕರು, ಆದರೆ ಅವರ ಕಿವಿ ಕೆಂಪಾಗಿತ್ತು. ಇವರು ಗಣಫಲವನ್ನು ಎಳ್ಳಷ್ಟೂ ನಂಬುತ್ತಿರಲಿಲ್ಲ. ಇದು ಓದುವವರಿಗೆ ನೆನಪಿರಬೇಕು.

ಇನ್ನು ಒಬ್ಬ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮೊದಲು ಅವಳ ತಂದೆ ತಾಯಿ ಅಕ್ಕನ ಪಕ್ಕದ ಮನೆಯಲ್ಲಿದ್ದರು. ಆಮೇಲೆ ಉಲ್ಹಾಸನಗರದಲ್ಲಿ ಸಣ್ಣ ಹೋಟೆಲು ಹಾಕಿ ಅಲ್ಲಿಗೆ ಹೋದರು. ಮಗುವಾಗಿದ್ದಾಗ ಅವಳು ಹೆಚ್ಚು ಹೊತ್ತು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಗಂಡ ಮದುವೆಯಾದ ಸ್ವಲ್ಪ ದಿನದಲ್ಲೇ ತೀರಿಕೊಂಡಿದ್ದರಂತೆ. ಆ ವಿಷಯ ಅವರ ಬಾಯಿಂದ ನಾನು ಕೇಳಿಲ್ಲ. ಹುಡುಗಿಗೆ ಕನ್ನಡ ಅಕ್ಷರ ಕಲಿಸಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. "ಆಂಟಿ, ಮಾತಾಡ್ಲಿಕ್ಕೆ ಆತಾ ಹೈ ನಾ, ಬಸ್" ಎಂದು ಓಡಿಹೋಗುತ್ತಿದ್ದಳು. ಅವಳ ಮದುವೆ ಠಾಣೆಯ ಒಂದು ಮನೆತನದಲ್ಲಿ ಗೊತ್ತಾಯಿತು. ಅವರೂ ಉಡುಪಿಯ ಕಡೆಯವರೇ. ಒಬ್ಬನೇ ಮಗ, ಒಳ್ಳೆಯ ಹುಡುಗ, ಸ್ವಲ್ಪ ನಾಚಿಕೆಯವನು.

ಪದ್ಯಕ್ಕೆ ಯಾವ ವೃತ್ತ ಎಂದು ಕೇಳಿದೆ. "ಶಾರ್ದೂಲ ಅಂದ್ರೆ ಹುಲಿ. ಮದುವೆ ಮಂಟಪಕ್ಕೆ ಹುಲಿ ಯಾಕೆ ಮಾರಾಯ್ತಿ? ನಮ್ಮ ಹುಡುಗಿಗೆ ಮಲ್ಲಿಗೆ ಸಾಕು" ಎಂದರು. ಮಲ್ಲಿಕಾಮಾಲೆ ಎಂಬ ವೃತ್ತ ಇದೆ. ಬಹಳ ಹಾಡಿಸಿಕೊಳ್ಳುವ ವೃತ್ತ. ಊರಿನಿಂದ ಬಸ್ಸಿನಲ್ಲಿ ತರಿಸಿದ ಮಲ್ಲಿಗೆಯ ಮಾಲೆಯನ್ನು ಹುಡುಗಿ ಹುಡುಗನಿಗೆ ಹಾಕುವಾಗ ಅವಳ ಚಿಕ್ಕಮ್ಮನ ಮಕ್ಕಳು ಮೊಬೈಲಿನಲ್ಲಿ ದೇವನಾಗರಿ ನೋಡಿಕೊಂಡು ಅದನ್ನು ಹಾಡಿದರು. "ತಂದ ಮಲ್ಲಿಗೆ" ಎಂದು ಎತ್ತುಗಡೆ. ಇನ್ನೊಮ್ಮೆ ಹಾಡಿ ಎಂದು ಹುಡುಗನ ತಾಯಿಯೇ ಹೇಳಿದರು. ಇನ್ನೊಮ್ಮೆ ಹಾಡಿದರು.

ಆಟಿ ತಿಂಗಳು ಬಂತು. ತುಳು ಜನರಲ್ಲಿ ಹೊಸ ಮದುಮಗಳು ಆಟಿಯಲ್ಲಿ ತವರಿಗೆ ಹೋಗಬೇಕು, ಆ ತಿಂಗಳು ಗಂಡಹೆಂಡತಿ ಒಬ್ಬರನ್ನೊಬ್ಬರು ನೋಡಬಾರದು. ಇಲ್ಲಿ ಅದನ್ನು ಯಾರೂ ಅಷ್ಟು ಪಾಲಿಸುವುದಿಲ್ಲ, ಆದರೆ ಅತ್ತೆ ಪಾಲಿಸಿದರು. ಹುಡುಗಿ ಉಲ್ಹಾಸನಗರಕ್ಕೆ ಹೋದಳು. ಅಲ್ಲಿ ತಾಯಿ ಕೆಸುವಿನೆಲೆಯ ಪತ್ರೊಡೆ ಮಾಡಿದ ದಿನ ಗಂಡನಿಗೆ ಫೋನ್ ಮಾಡಿ, ಬಾ ಎಂದಳು. ಅವನು ತಾಯಿಗೆ ಹೇಳದೆ ಹೊರಟ. ಮಳೆ ಇತ್ತು, ಗಾಡಿಗಳು ತಡವಾಗಿದ್ದವು, ಬಾಗಿಲಲ್ಲಿ ಜೋತಾಡುವಷ್ಟು ಜನ. ಮುಂಬ್ರಾ ದಾಟುವ ಮೊದಲು ಅವನು ಬಿದ್ದ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬರೆಯುತ್ತಿರಲಿಲ್ಲ.

ಮಗನನ್ನು ಕಳೆದುಕೊಂಡ ಆ ತಾಯಿ ಕೆಟ್ಟವರಲ್ಲ. ಅವರಿಗೆ ಒಂದು ಕಾರಣ ಬೇಕಾಗಿತ್ತು, ಕೈಗೆ ಸಿಕ್ಕ ಕಾರಣ ಸೊಸೆ. ಆಟಿಯಲ್ಲಿ ಕರೆಸಿಕೊಂಡಳು, ಕಾಲ್ಗುಣ ಸರಿ ಇಲ್ಲ ಎಂದು ಬಂದವರೆದುರು ಹೇಳತೊಡಗಿದರು. ಠಾಣೆಗೆ ಮರಳಿದ ಅವಳಿಗೆ ದೇವರ ದೀಪ ಮುಟ್ಟಬೇಡ ಎಂದರು. ಜೊತೆಗೆ ಕೂತು ಉಣ್ಣುವುದು ನಿಂತಿತು. ತವರಿನಲ್ಲಿ ತಂಗಿಗೆ ಗಂಡು ನೋಡುತ್ತಿದ್ದರು. ಈ ಮಾತು ಅಲ್ಲಿಗೂ ಹೋಗಿತ್ತು. ಸ್ವಲ್ಪ ದಿನ ಅಲ್ಲೇ ಇರು ಎಂದು ತಂದೆ ಫೋನಿನಲ್ಲಿ ಹೇಳಿದರು.

ನಾವು ಒಂದು ಸಂಜೆ ಕಚೇರಿ ಬಿಟ್ಟು ಅವಳನ್ನು ನೋಡಲು ಹೋದೆವು. ಠಾಣೆಯ ಹೊಸ ಟವರು, ಬಹಳ ಮೇಲೆ ಮನೆ. ಅವಳು ಮಮ್ಮಿ ಎಂದು ಕರೆಯುತ್ತಿದ್ದ ಅತ್ತೆ ಒಳಗೆ ಮಲಗಿದ್ದರು. ಹುಡುಗಿ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಹಾಕುತ್ತಿದ್ದಳು. ಒಗೆದ ಬಟ್ಟೆ ಮುಗಿದಿತ್ತು, ಅವಳು ಖಾಲಿ ಹಗ್ಗ ಹಿಡಿದು ನಿಂತಿದ್ದಳು.

"ಮಮ್ಮಿ ಬರೋಬರ್ ಹೇಳ್ತಾರೆ ಆಂಟಿ. ನಾನೇ ಫೋನ್ ಮಾಡಿದ್ದು. ಯೇ ನಾ, ಗರಂ ಗರಂ ಉಂಟು ಅಂತ."

"ಹಾಗೆಲ್ಲ ಹೇಳ್ಬಾರ್ದು ಮಗಾ" ಎಂದರು ಅಕ್ಕ.

"ನಾನು ಕರೀದೆ ಇದ್ರೆ ಅವನು ಬರ್ತಿರ್ಲಿಲ್ಲ. ಇಷ್ಟೇ ಅಲ್ವಾ ಹಿಸಾಬ್?" ಅವಳು ಕೆಳಗೆ ನೋಡಿದಳು. "ಇಲ್ಲಿಂದ ಗಾಡಿಗಳು ಎಷ್ಟು ಛೋಟಾ ಕಾಣ್ತವೆ ನೋಡಿ."

ಅಕ್ಕ ಅವಳ ಕೈ ಹಿಡಿದು ಒಳಗೆ ಕರೆತಂದು ಬಾಲ್ಕನಿಯ ಬಾಗಿಲು ಹಾಕಿದರು. ಸ್ಟೇಷನ್ನಿಗೆ ನಡೆಯುವಾಗ ತಲಾವ್ ಪಾಳಿಯ ಹತ್ತಿರ ಕೆರೆಯ ಕಟ್ಟೆಯ ಮೇಲೆ ಕೂತರು. ನೀರಿನ ಕಡೆ ನೋಡುತ್ತ, "ಅವಳು ಫೋನ್ ಮಾಡುವುದಕ್ಕಿಂತ ಮೊದಲಿನದ್ದು ಒಂದು ಬೇಕು" ಎಂದರು. ಏನು ಎಂದು ಕೇಳಿದೆ. "ಕಾರಣ" ಎಂದರು. ನನಗೆ ಅರ್ಥವಾಗಲಿಲ್ಲ.

ಮರುದಿನ ಮತ್ತೆ ಅದೇ ಮನೆಗೆ ಹೊರಟರು. ನೀನೂ ಬಾ ಎಂದರು. ಈ ಸಲ ಅತ್ತೆ ಸೋಫಾದ ಮೇಲಿದ್ದರು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಕೂರಲಿಲ್ಲ.

"ನಾನು ಒಂದು ಮಾತು ಹೇಳಿ ಹೋಗ್ಲಿಕ್ಕೆ ಬಂದದ್ದು. ನಿಮ್ಮ ಮಗನ ಮದುವೆಗೆ ಪದ್ಯ ಮಾಡಿದವಳು ನಾನು."

"ಈಗ ಅದೆಲ್ಲ ಯಾಕೆ?"

"ಆ ಪದ್ಯ ರಗಣದಲ್ಲಿ ಎತ್ತಿದ್ದು. ರಗಣಕ್ಕೆ ದೇವತೆ ಅಗ್ನಿ, ಫಲ ಮರಣ. ಹಳೆಯವರು ಮದುವೆಗೆ ಅದರಲ್ಲಿ ಎತ್ತುವುದಿಲ್ಲ. ನನಗೆ ಗೊತ್ತಿತ್ತು. ಕೇಳ್ಲಿಕ್ಕೆ ಚಂದ ಅಂತ ಬರೆದೆ."

ಅಕ್ಕ ಮುಂದುವರಿಸಿದರು. ಧ್ವನಿ ಕಚೇರಿಯಲ್ಲಿ ಗಿರಾಕಿಗಳಿಗೆ ನಿಯಮ ವಿವರಿಸುವಾಗ ಇರುತ್ತಿದ್ದಂತೆ ಇತ್ತು.

"ಅದನ್ನು ಒಮ್ಮೆ ಅಲ್ಲ, ಎರಡು ಸಲ ಹಾಡಿದ್ರು. ಮಾಲೆ ಹಾಕುವಾಗ್ಲೇ ಆಗಿ ಹೋಗಿತ್ತು. ಆಟಿಯಲ್ಲಿ ಕರೆದ್ರೂ ಒಂದೇ, ಕರೆಯದಿದ್ರೂ ಒಂದೇ. ಇವಳ ಕಾಲಲ್ಲಿ ಎಂತ ಇಲ್ಲ. ದೋಷ ನನ್ನ ಬಾಯಲ್ಲಿ ಇದ್ದದ್ದು."

"ಎಂತ ಹೇಳ್ತಾ ಇದ್ದೀರಿ ನೀವು?" ಅತ್ತೆಯ ಧ್ವನಿ ಏರಲಿಲ್ಲ, ಇಳಿಯಿತು.

"ನನ್ನ ಮಾತು ಬೇಡ. ಸಂಘದ ಸರ್‌ಗೆ ಕೇಳಿ."

ಅತ್ತೆ ಅಲ್ಲೇ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಉಪನ್ಯಾಸಕರ ದನಿ ಕೋಣೆಯ ತುಂಬ ಕೇಳಿಸಿತು. ಪದ್ಯದ ಎತ್ತುಗಡೆ ಏನು ಎಂದು ಕೇಳಿದರು. ಅಕ್ಕನೇ ಹೇಳಿದರು. ಆ ಕಡೆ ಬೆರಳು ಮಡಚಿರಬೇಕು. "ಗುರು, ಲಘು, ಗುರು. ಹೌದು, ರಗಣ. ಶಾಸ್ತ್ರದಲ್ಲಿ ನಿಷಿದ್ಧ. ಕಡೇಪಕ್ಷ ಶ್ರೀಕಾರ ಹಾಕಬೇಕಿತ್ತು. ನಾನು ಅಂದೇ ಸಭೆಯಲ್ಲಿ ಹೇಳಿದ್ದೆ, ಇವರು ನಗಾಡಿದ್ರು" ಎಂದರು. ಆ ದನಿಯಲ್ಲಿ ದುಃಖವಿತ್ತು. ಅದರ ಜೊತೆ ಇನ್ನೊಂದು ಇತ್ತು, ಅದನ್ನು ಮುಚ್ಚಿಡಲು ಅವರಿಗೆ ಆಗಲಿಲ್ಲ.

"ಹೌದು ಸರ್, ನಕ್ಕಿದ್ದೆ" ಎಂದರು ಅಕ್ಕ.

ಅತ್ತೆ ಫೋನ್ ಕೆಳಗಿಟ್ಟು, "ನನ್ನ ಮನೆಯಿಂದ ಹೊರಡಿ" ಎಂದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಲ್ಲಿ ಯಾಕೆ ನಿಂತದ್ದು? ಬಾ, ಇಲ್ಲಿ ಕೂತ್ಕೊ" ಎಂದರು. ಹುಡುಗಿ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ನಾನು ಅವಳ ಮುಖ ನೋಡಿದೆ. ಅವಳು ಅಕ್ಕನನ್ನು ನೋಡುತ್ತಿದ್ದಳು. ಹಿಂದಿನ ಸಂಜೆ ಕೆಳಗಿನ ಗಾಡಿಗಳನ್ನು ನೋಡಿದ ಕಣ್ಣುಗಳಲ್ಲಿ ಏನೂ ಇರಲಿಲ್ಲ. ಈಗ ಇತ್ತು. ಅದು ದ್ವೇಷ.

ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೆ ಕೇಳಿದೆ. "ಹಿಂಗ್ಯಾಕ ಮಾಡಿದ್ರಿ ಅಕ್ಕಾ? ಇಷ್ಟು ದೊಡ್ಡ ಸುಳ್ಳು?"

"ಒಂದಕ್ಷರ ಸುಳ್ಳಿಲ್ಲ. ರಗಣ ಹೌದು. ಫಲ ಹಾಗೆ ಬರೆದಿಟ್ಟದ್ದು ಹೌದು. ನಾನು ನಂಬ್ತೇನೆ ಅಂತ ಎಲ್ಲಿ ಹೇಳಿದೆ?"

"ಆಕಿ ನಿಮ್ಮನ್ನ ಹೆಂಗ ನೋಡಿದ್ಳು ಕಂಡ್ರೇನು?"

"ಕಂಡೆ. ಒಳ್ಳೆಯದಾಯ್ತು." ನೆಲಮಹಡಿ ಬಂದಿತ್ತು, ಅವರು ಇಳಿಯಲಿಲ್ಲ. "ಆ ಸಿಟ್ಟು ಎಲ್ಲಿಗಾದ್ರೂ ಹೋಗ್ಬೇಕಲ್ಲ ಮಾರಾಯ್ತಿ. ಅವಳೊಳಗೆ ಇದ್ರೆ ಆ ಬಾಲ್ಕನಿಯಿಂದ ಹೋಗ್ತದೆ. ಅವಳಿಗೆ ನೀನು ಎಂದೂ ಹೇಳ್ಬಾರ್ದು."

ಹೇಳುವುದಿಲ್ಲ ಎಂದೆ.

ಅವರು ಅಂದುಕೊಂಡಂತೆಯೇ ಆಯಿತು. ಅತ್ತೆ ಸೊಸೆ ಇಬ್ಬರಿಗೂ ಬೈಯಲು ಒಬ್ಬಳು ಸಿಕ್ಕಿದಳು, ಆ ಬೈಗುಳ ಅವರನ್ನು ಒಂದೇ ಮನೆಯಲ್ಲಿ ಇಟ್ಟಿತು. ಅತ್ತೆಯೇ ಹುಡುಗಿಯನ್ನು ಕೆಲಸಕ್ಕೆ ಕಳಿಸಿದರು. ತಂಗಿಯ ಮದುವೆ ಆಯಿತು. ಅಲ್ಲಿ ಮಂಗಳಾಷ್ಟಕ ಹಾಡಿಸಲಿಲ್ಲ.

ಅಕ್ಕನಿಗೆ ಏನಾಗಬಹುದು ಎಂದು ಅವರು ಲೆಕ್ಕ ಹಾಕಿದ್ದರೋ ಇಲ್ಲವೋ ತಿಳಿಯದು. ಸುದ್ದಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹರಡಿತು. ಹಿಂದೆ ಅವರಿಂದ ಪದ್ಯ ಬರೆಸಿಕೊಂಡವರು ಒಬ್ಬೊಬ್ಬರಾಗಿ ಉಪನ್ಯಾಸಕರಿಗೆ ಫೋನ್ ಮಾಡಿ, ನಮ್ಮದು ಯಾವ ಗಣ ನೋಡಿ ಹೇಳಿ ಎಂದು ಕೇಳಿದರಂತೆ. ಯಾರೂ ಎದುರಿಗೆ ಒಂದು ಮಾತು ಆಡಲಿಲ್ಲ. ಪದ್ಯ ಕೇಳುವುದನ್ನು ಬಿಟ್ಟರು, ಅಷ್ಟೆ. ಮದುವೆಯ ಕರೆಯೋಲೆ ಮನೆಗೆ ತಂದುಕೊಡುತ್ತಿದ್ದವರು ಫೋನಿಗೆ ಫೋಟೋ ಕಳಿಸಿದರು. ಒಂದು ಮದುವೆಯಲ್ಲಿ ಅಂತರಪಟ ಹಿಡಿಯುವ ಹೊತ್ತಿಗೆ ಒಬ್ಬರು ಬಹಳ ಮರ್ಯಾದೆಯಿಂದ ಬಂದು, "ಅಕ್ಕ, ಊಟದ ಹಾಲಲ್ಲಿ ಎಸಿ ಉಂಟು, ಅಲ್ಲಿ ಕೂತ್ಕೊಳ್ಳಿ" ಎಂದು ಅವರನ್ನು ಎಬ್ಬಿಸಿಕೊಂಡು ಹೋದರು. ನಾನೂ ಎದ್ದು ಹೋದೆ. ಖಾಲಿ ಎಲೆಗಳ ಮುಂದೆ ಕೂತು ನಾವು ಮಂಗಳವಾದ್ಯ ಕೇಳಿದೆವು.

ಕಲ್ಯಾಣದ ಆ ಹೋಟೆಲಿಗೆ ಒಮ್ಮೆ ಹೋಗಿದ್ದೆ. ಗಲ್ಲಾದ ಹಿಂದೆ ಮೊಳೆ ಇತ್ತು. ಗೋಡೆಯಲ್ಲಿ ಕಟ್ಟಿನಷ್ಟು ಅಗಲಕ್ಕೆ ಬಣ್ಣ ಹೊಸದಾಗಿ ಕಾಣುತ್ತಿತ್ತು. ಅದು ಸತ್ತವನ ಮೇಲೆ ಬರೆದ ಪದ್ಯ. ಅವನಿಗೆ ಇನ್ನು ಯಾವ ಗಣ ಏನು ಮಾಡೀತು ಎಂದು ಕೇಳಬೇಕೆನಿಸಿತು. ಮಗ ಚಿಲ್ಲರೆ ಎಣಿಸುತ್ತಿದ್ದ, ತಲೆ ಎತ್ತಲಿಲ್ಲ.

ಗಾಡಿಯಲ್ಲಿ ಅವರ ಕೈ ಡಬ್ಬಿಯ ಮೇಲೆ ಸುಮ್ಮನೆ ಇರುತ್ತಿತ್ತು. ನಿವೃತ್ತಿಯಾದ ಮೇಲೆ ಹೊರಗೆ ಬರುವುದು ಕಡಿಮೆಯಾಯಿತು. ಮೂತ್ರಪಿಂಡದ ಕಾಯಿಲೆ ಹತ್ತಿತು. ರಜೆಯ ದಿನ ಮಧ್ಯಾಹ್ನ ನಾನು ಹೋಗಿ ಕೂರುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಹೇಳಿದರು.

"ಚಂಪಕಮಾಲೆ ಹಾಕ್ಬಹುದಿತ್ತು."

ಯಾವುದರ ಮಾತು ಎಂದು ತಕ್ಷಣ ಹೊಳೆಯಲಿಲ್ಲ.

"ನಗಣದಲ್ಲಿ ಎತ್ತುವುದು. ಆಯುಷ್ಯ. ಅದೂ ಹೂವಿನ ಮಾಲೆಯೇ. ಸಂಪಿಗೆಯದ್ದು."

"ನೀವು ಅದನ್ನ ನಂಬೂದಿಲ್ಲಲ್ರೀ ಅಕ್ಕಾ. ಕಲ್ಯಾಣದ ಮಾತು ಹೇಳಿ ಎಲ್ಲಾರನ್ನೂ ನಗಿಸಿದವರು ನೀವು."

"ನಂಬುವುದಿಲ್ಲ." ಹೊದಿಕೆಯನ್ನು ಮೇಲಕ್ಕೆ ಎಳೆದುಕೊಂಡರು. "ಮಲ್ಲಿಕಾಮಾಲೆಯ ಹೆಜ್ಜೆ ಭಾಮಿನಿಯದ್ದೇ. ಮೂರು ನಾಲ್ಕು, ಮೂರು ನಾಲ್ಕು. ಅಳುವ ನಡೆ. ಅಪ್ಪ ಇದ್ದಿದ್ರೆ ಮದುವೆಗೆ ಇದು ಬೇಡ ಅಂತಿದ್ರು. ನಂಬುವುದಿಲ್ಲ ಮಾರಾಯ್ತಿ. ಆದ್ರೂ ಬೇರೆ ಹಾಕ್ಬಹುದಿತ್ತು."

ಆಮೇಲೆ ಹೋದಾಗಲೆಲ್ಲ ಇದೇ ಮಾತು ಬರುತ್ತಿತ್ತು. ಒಂದು ದಿನ ಚಂಪಕಮಾಲೆ, ಒಂದು ದಿನ ಉತ್ಪಲಮಾಲೆ. ಆ ಮದುವೆಯ ಪದ್ಯವನ್ನು ಅವರು ಮಲಗಿದಲ್ಲೇ ಬೇರೆ ಬೇರೆ ವೃತ್ತಕ್ಕೆ ತಿರುಗಿಸಿ ನೋಡುತ್ತಿದ್ದರು. ಒಂದೂ ಕೂಡುತ್ತಿರಲಿಲ್ಲ. ಒಬ್ಬ ಹುಡುಗಿಯನ್ನು ಉಳಿಸಲು ಹೇಳಿದ ಮಾತು ಹೇಳಿದವರನ್ನೇ ಹೊಕ್ಕು ಕೂತಿತ್ತು. ನಾನು ನೋಡುತ್ತ ಕೂತಿದ್ದೆ, ಮಾಡಬಹುದಾದದ್ದು ಏನೂ ಇರಲಿಲ್ಲ. ಕೊನೆಯ ಸಲ ಹೋದಾಗ ಅವರಿಗೆ ಮಾತು ನಿಂತಿತ್ತು. ಹೊದಿಕೆಯ ಮೇಲೆ ಬಲಗೈ ಆಡುತ್ತಿತ್ತು. ಅಂಗೈ, ಬೆರಳು, ಅಂಗೈ. ಗುರು, ಲಘು, ಗುರು.

ಶ್ರದ್ಧಾಂಜಲಿ ಸಭೆಗೆ ಅತ್ತೆ ಸೊಸೆ ಬರಲಿಲ್ಲ. ಅದಾದ ಕೆಲವು ದಿನಕ್ಕೆ ಠಾಣೆ ಸ್ಟೇಷನ್ನಿನಲ್ಲಿ, ನವಿ ಮುಂಬಯಿಯ ಗಾಡಿಗಳು ಹೊರಡುವ ಪ್ಲಾಟ್‌ಫಾರ್ಮಿನಲ್ಲಿ, ಹುಡುಗಿ ಎದುರಾದಳು. ಐರೋಲಿಯಲ್ಲಿ ಕೆಲಸ. ಕತ್ತಿಗೆ ಕಂಪನಿಯ ಕಾರ್ಡು, ಕೈಯಲ್ಲಿ ಡಬ್ಬಿಯ ಚೀಲ. ತುಸು ದಪ್ಪಗಾಗಿದ್ದಳು, ನೋಡಿ ಸಮಾಧಾನವಾಯಿತು. ಈಗ ಆ ಮನೆ ನಡೆಯುವುದು ಅವಳ ಸಂಬಳದಲ್ಲಿ, ಅತ್ತೆಯ ಮಾತ್ರೆಯೂ ಅವಳೇ ತರುವುದು ಎಂದು ಬೇರೆಯವರಿಂದ ಕೇಳಿದ್ದೆ.

"ಅವರು ಹೋದ್ರಂತೆ" ಎಂದಳು.

"ಹೌದು."

"ಆಂಟಿ, ಏಕ್ ಬಾತ್ ಕೇಳ್ತೇನೆ. ಮದುವೆಯ ಆ ಗಾನಾ ಇದೆಯಲ್ಲ, ಅದು ನನ್ನ ತಲೆಯಿಂದ ಹೋಗುದೇ ಇಲ್ಲ. ಮೀನಿಂಗ್ ಪೂರಾ ಗೊತ್ತಿಲ್ಲ. ಆದ್ರೆ ಭಾಂಡಿ ತೊಳೀಲಿಕ್ಕೆ ನಿಂತ್ರೆ ಸಾಕು, ಆಪೋಆಪ್ ಬಾಯಿಗೆ ಬರ್ತದೆ. ಮಮ್ಮಿ ಕೇಳಿದ್ರೆ ಏನಂದ್ಕೋಬೇಕು." ಅವಳು ಹಳಿಗಳ ಕಡೆ ನೋಡಿದಳು. "ಅವರು ಜಾಣೂನ್, ಗೊತ್ತಿದ್ದೂ ಯಾಕೆ ಹಾಗೆ ಬರೆದ್ರು? ನನ್ನನ್ನು ಎತ್ತಿ ಆಡಿಸಿದವರು."

ನಾನು ಗಾಡಿ ಬರುವ ದಿಕ್ಕಿಗೆ ನೋಡಿದೆ.

"ಹೋಗುವಾಗ ಸಾರಿ ಅಂದ್ರಾ?"

ಗಾಡಿ ಬರುತ್ತಿತ್ತು. ಹೇಳಿಬಿಡಬಹುದಿತ್ತು. ಹೇಳಿದರೆ ಅವಳ ಬಳಿ ಉಳಿಯುವುದು ಆ ಫೋನ್ ಕರೆ ಮತ್ತು ಪತ್ರೊಡೆ.

"ಅಂದ್ರು" ಎಂದೆ.

ಅವಳು ತಲೆಯಾಡಿಸಿದಳು. "ಠೀಕ್ ಹೈ" ಎಂದಳು. ಭುಜ ಸ್ವಲ್ಪ ಸಡಿಲವಾಯಿತು. ಗಾಡಿ ಹತ್ತಿ ಒಳಗೆ ಹೋದಳು, ಬಾಗಿಲಲ್ಲಿ ನಿಲ್ಲಲಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅತ್ತೆಗೆ ಬರುತ್ತದೆ. ಹೆಸರು ಬರೆಯದಿದ್ದರೂ ಕೆಳಗಿನ ಸಾಲು ಕಂಡರೆ ಅವರು ಗುರುತು ಹಿಡಿಯುತ್ತಾರೆ, ಯಾಕೆಂದರೆ ಇನ್ನೊಮ್ಮೆ ಹಾಡಿ ಎಂದು ಹೇಳಿದವರು ಅವರೇ. ಓದಿದ ಮೇಲೆ ಸೊಸೆಗೆ ಹೇಳುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಆದರೂ ಆ ಸಾಲನ್ನು ಬಿಡಲು ನನಗೆ ಆಗುತ್ತಿಲ್ಲ. ತೀರಿಕೊಂಡವರಿಗೆ ಒಂದು ಪದ್ಯ ಇರಬೇಕು ಎಂಬುದು ನಮ್ಮ ಕ್ರಮ, ಸಭೆಯಲ್ಲಿ ಯಾರೂ ಓದಲಿಲ್ಲ. ನನಗೆ ಪದ್ಯ ಕಟ್ಟಲು ಬಾರದು. ಅವರದ್ದನ್ನೇ ಓದುತ್ತೇನೆ.

ತಂದ ಮಲ್ಲಿಗೆ ಮಾಲೆಯಂದದಿ ಹೊಂದಿ ಬಾಳಿರಿ ಮಕ್ಕಳೇ.